ಮರ್ಲೀನ್ ಓಟಿ ಯಾವ ದೇಶದವರು?

ಅಧ್ಯಕ್ಷರೆ, ಕ್ರೀಡಾಸಕ್ತ ಮಿತ್ರರೆ,

ಓಟಗಾರ್ತಿ ಮರ್ಲೀನ್ ಓಟಿಯವರ ಬಗ್ಗೆ ಮಾತನಾಡಲು ಒಪ್ಪಿಕೊಂಡಾಗ ಗೆಳೆಯರೊಬ್ಬರು, ‘ಅವರು ಜಮೈಕಾದವರೋ ಸ್ಲೊವೇನಿಯಾದವರೋ, ಮೊದಲು ಅದನ್ನು ಇತ್ಯರ್ಥ ಮಾಡಿ’ ಎಂದರು. ಹುಟ್ಟಿದ ನೆಲಕ್ಕಿರುವಷ್ಟೇ ಹಕ್ಕು, ಓಡಲು ಜಾಗ ಕೊಟ್ಟ ನೆಲಕ್ಕೂ ಓಟಗಾರ್ತಿಯ ಮೇಲೆ ಇದೆಯೆಂಬುದು ನನ್ನ ವಾದ.

1960ರಲ್ಲಿ ಜಮೈಕಾದ ಹ್ಯಾನೋವರ್ ಪ್ರಾಂತ್ಯದಲ್ಲಿ ಹುಟ್ಟಿ, ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಪಳಗಿದ ಓಟಿಯವರು 1980ರ ಮಾಸ್ಕೋ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಕಂಚು ಗೆದ್ದರು. ಕೊನೆಗೆ ಒಲಿಂಪಿಕ್ ಪದಕಗಳು ಒಂಬತ್ತಾದವು: ಮೂರು ಬೆಳ್ಳಿ, ಆರು ಕಂಚು, ಚಿನ್ನ ಒಂದೂ ಇಲ್ಲ. ‘ಕಂಚಿನ ರಾಣಿ’ ಎಂಬ ಬಿರುದು ಅಂಟಿಕೊಂಡದ್ದು ಹಾಗೆ. ಅದರಲ್ಲಿ ಹೊಗಳಿಕೆ ಎಷ್ಟು, ಕುಟುಕು ಎಷ್ಟು ಎಂಬುದನ್ನು ನೀವೇ ಅಳೆಯಿರಿ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದನ್ನು ಇಂದಿಗೂ ಮರೆಯದ ನಮಗಾದರೂ ಕಂಚು ಹಗುರವಾಗಿ ಕಾಣಬಾರದು.

1993ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ಕಥೆ ಹೇಳದೆ ನಾನು ಮುಂದೆ ಹೋಗಲಾರೆ. ಈ ಕಥೆ ಶುರುವಾದರೆ ಅಡುಗೆ ಆರಿಹೋಗುತ್ತದೆಂದು ನಮ್ಮ ಮನೆಯಲ್ಲಿ ದೂರಿದೆ. 100 ಮೀಟರ್ ಅಂತಿಮ ಓಟದಲ್ಲಿ ಅಮೆರಿಕದ ಗೇಲ್ ಡೆವರ್ಸ್ ಮತ್ತು ಓಟಿ ಅಂತಿಮ ಗೆರೆಗೆ ಒಟ್ಟಿಗೇ ಎದೆಯೊಡ್ಡಿದರು. ಗಡಿಯಾರ ಇಬ್ಬರಿಗೂ 10.82 ಸೆಕೆಂಡ್ ಎಂದಿತು. ಛಾಯಾಚಿತ್ರ ನೋಡಿದ ತೀರ್ಪುಗಾರರು ಕೂದಲೆಳೆಯ ಅಂತರದಲ್ಲಿ ಡೆವರ್ಸ್‌ಗೆ ಚಿನ್ನ ಕೊಟ್ಟರು. ಆದರೆ ಪದಕ ಪ್ರದಾನದ ಹೊತ್ತಿಗೆ ಆ ಜರ್ಮನ್ ಪ್ರೇಕ್ಷಕರು ಎದ್ದುನಿಂತು, ಬೆಳ್ಳಿ ಪಡೆದ ಓಟಿಯವರಿಗಾಗಿ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅವರಿಗೆ ಓಟಿ ಯಾವ ದೇಶದವರಾಗಿದ್ದರು? ಅದೇ ಕೂಟದ 200 ಮೀಟರ್‌ನಲ್ಲಿ ಅವರಿಗೆ ಚಿನ್ನ ಒಲಿಯಿತು. ಮೂರು ವರ್ಷಗಳ ನಂತರ ಅಟ್ಲಾಂಟಾ ಒಲಿಂಪಿಕ್ಸ್‌ನ 100 ಮೀಟರ್‌ನಲ್ಲಿ ಮತ್ತೆ ಅದೇ ಡೆವರ್ಸ್, ಇಬ್ಬರಿಗೂ 10.94, ಮತ್ತೆ ಛಾಯಾಚಿತ್ರ, ಮತ್ತೆ ಬೆಳ್ಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅವರದು ನೂರನೇ ಭಾಗ ತೋರಿಸುವುದಿಲ್ಲವೆಂಬುದೇ ನನಗೆ ಸಮಾಧಾನ. 1999ರ ಉದ್ದೀಪನ ಮದ್ದಿನ ಆರೋಪ, ಮರುವರ್ಷದ ಖುಲಾಸೆ ನಿಮಗೆ ಗೊತ್ತಿರುವುದೇ. ಸಿಡ್ನಿ ಒಲಿಂಪಿಕ್ಸ್‌ಗೆ ಮುನ್ನ, ಆಯ್ಕೆ ಓಟದಲ್ಲಿ ನಾಲ್ಕನೆಯವರಾಗಿದ್ದ ಓಟಿಯವರಿಗಾಗಿ ರಾಷ್ಟ್ರೀಯ ಚಾಂಪಿಯನ್ನರನ್ನೇ 100 ಮೀಟರ್‌ನಿಂದ ಕೈಬಿಟ್ಟಾಗ, ಜಮೈಕಾದ ಕ್ರೀಡಾಪಟುಗಳು ಒಲಿಂಪಿಕ್ ಗ್ರಾಮದಲ್ಲೇ ಪ್ರತಿಭಟಿಸಿದರು. ಆ ಚಾಂಪಿಯನ್ನರ ನೋವು ಸಣ್ಣದೆಂದು ನಾನು ಹೇಳಲಾರೆ. 1998ರಿಂದಲೇ ಸ್ಲೊವೇನಿಯಾದಲ್ಲಿ ತರಬೇತಿ ಪಡೆಯುತ್ತಿದ್ದ ಓಟಿ 2002ರಲ್ಲಿ ಅಲ್ಲಿನ ಪ್ರಜೆಯಾದರು. 44ರ ಹರೆಯದಲ್ಲಿ, ಅದನ್ನು ಹರೆಯವೆಂದೇ ಕರೆಯೋಣ, 2004ರ ಅಥೆನ್ಸ್ ಒಲಿಂಪಿಕ್ಸ್‌ನ 100 ಮೀಟರ್ ಸೆಮಿಫೈನಲ್ ಓಡಿದರು.

ಇನ್ನೊಂದೇ ಸಂಗತಿ. 1992ರಲ್ಲಿ ಜಮೈಕಾಕ್ಕೆ 200 ಮೀಟರ್ ಕಂಚು ತಂದುಕೊಟ್ಟ ಬಾರ್ಸಿಲೋನಾದ ಅದೇ ಕ್ರೀಡಾಂಗಣದಲ್ಲಿ, 2010ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ, 50 ವರ್ಷದ ಓಟಿ ಸ್ಲೊವೇನಿಯಾದ ರಿಲೇ ತಂಡದ ಬ್ಯಾಟನ್ ಹಿಡಿದು ಓಡಿದರು.