ಪರ್ಸಿನಲ್ಲಿ ಉಳಿದ ನಾಲ್ಕು ಮಾತ್ರೆ

ಕೇಳುಗರಿಗೆ ನಮಸ್ಕಾರ.

ಮೊನ್ನೆ ನಮ್ಮ ದವಾಖಾನೆಗೆ ಬಂದ ಹೆಂಗಸೊಬ್ಬರು ಪರ್ಸಿನಿಂದ ಮಾತ್ರೆಯ ಶೀಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹತ್ತರಲ್ಲಿ ಆರು ಗೂಡು ಖಾಲಿ. "ಹೋದ ವರ್ಷ ಉರಿಮೂತ್ರಕ್ಕೆ ತಂದದ್ದು ಡಾಕ್ಟರೇ. ಆಗ ನಾಲ್ಕಕ್ಕೇ ವಾಸಿಯಾಯಿತು, ಉಳಿದದ್ದನ್ನು ಎತ್ತಿಟ್ಟಿದ್ದೆ. ಈಗ ಮತ್ತೆ ಉಷ್ಣವಾಗಿದೆ. ಎರಡು ನುಂಗಿದೆ, ಜಗ್ಗುತ್ತಿಲ್ಲ."

ಅದು ನಾರ್‌ಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್. ಶೀಟಿನ ಹಿಂಬದಿಯಲ್ಲಿ ಉದ್ದಕ್ಕೂ ಒಂದು ಕೆಂಪು ಗೆರೆ. ವೈದ್ಯರ ಚೀಟಿಯಿಲ್ಲದೆ ನುಂಗಬಾರದ ಔಷಧಿ ಎಂದು ಅದರ ಅರ್ಥ. ಆಕೆ ಅದನ್ನು ಕಂಪನಿಯವರ ಅಲಂಕಾರ ಎಂದುಕೊಂಡಿದ್ದರಂತೆ!

ಉಷ್ಣ ಎನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದರೂ ಉರಿಯುತ್ತದೆ. ಎಳನೀರು, ಬಾರ್ಲಿ ಗಂಜಿಗೆ ಅದು ತಣಿಯುತ್ತದೆ. ಆದರೆ ಗಳಿಗೆಗೊಮ್ಮೆ ಅವಸರವಾಗಿ, ಹೋದರೆ ನಾಲ್ಕೇ ಹನಿ, ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರ ಕದಡಿದಂತೆ ಇದ್ದರೆ ಸೋಂಕಿನ ಅನುಮಾನ ಪಡಬೇಕು. ಹೆಚ್ಚಿನಂಶ ಇದಕ್ಕೆ ಕಾರಣ ನಮ್ಮದೇ ಕರುಳಿನಲ್ಲಿ ತಣ್ಣಗೆ ಬಾಳುವ ಈ. ಕೋಲೈ ಬ್ಯಾಕ್ಟೀರಿಯಾ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಅದಕ್ಕೆ ದಾರಿ ಹತ್ತಿರ. ಬಸ್ ಪ್ರಯಾಣವಿದೆಯೆಂದು ಬೆಳಗಿನಿಂದ ನೀರನ್ನೇ ಮುಟ್ಟದ ನಮ್ಮ ಹೆಣ್ಣುಮಕ್ಕಳ ಕಷ್ಟಕ್ಕೆ ಮಾತ್ರ ನನ್ನ ಬಳಿ ಮಾತ್ರೆಯಿಲ್ಲ. ಅದಕ್ಕೆ ಬೇಕಾದದ್ದು ನಿಲ್ದಾಣದಲ್ಲೊಂದು ಶುಚಿಯಾದ ಶೌಚಾಲಯ.

ಆಕೆಯ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ, ಎಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದಕ್ಕೆ, ಕಳುಹಿಸಿದೆ. ಮೊದಲ ಸಲದ ಸಾಧಾರಣ ಉರಿಮೂತ್ರಕ್ಕೆ ಇದು ಬೇಕೆಂದೇನಿಲ್ಲ. ಮರುಕಳಿಸಿದರೆ, ಔಷಧಿ ನಾಟದಿದ್ದರೆ, ಬಸುರಿಯಾಗಿದ್ದರೆ ಬೇಕೇ ಬೇಕು. ಮೊದಲ ಧಾರೆಯನ್ನು ಬಿಟ್ಟು ನಡುವಿನದನ್ನು ಪ್ರಯೋಗಾಲಯದವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಬೇಕು, ಅದೂ ಆಂಟಿಬಯಾಟಿಕ್ ನುಂಗುವ ಮುಂಚೆ. ನುಂಗಿದ ಮೇಲೆ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯದೆ ವರದಿ ದಾರಿ ತಪ್ಪಿಸಬಹುದು. ಅಲ್ಲಿ ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ತಟ್ಟೆಯೊಂದರಲ್ಲಿ ಹರಡಿ, ಬೇರೆ ಬೇರೆ ಔಷಧಿ ಸವರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಬೆಳೆಯಲು ಬಿಡುತ್ತಾರೆ. ಔಷಧಿ ನಾಟಿದ ಕಡೆ ಬಿಲ್ಲೆಯ ಸುತ್ತ ಚಂದ್ರನಿಗೆ ಕೊಡೆ ಕಟ್ಟಿದಂತೆ ತಿಳಿಯಾದ ಬಳೆ. ನಾಟದ ಕಡೆ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾದ ಪೊರೆ.

ಆಕೆ ಆಗಲೇ ಎರಡು ಮಾತ್ರೆ ನುಂಗಿದ್ದರೂ ಬ್ಯಾಕ್ಟೀರಿಯಾ ಬೆಳೆದಿತ್ತು. ಎರಡು ದಿನಕ್ಕೆ ಬಂದ ವರದಿಯಲ್ಲಿ ನಾರ್‌ಫ್ಲಾಕ್ಸಸಿನ್ ಎದುರು 'ಆರ್' ಎಂದಿತ್ತು, ಎಂದರೆ ನಾಟುವುದಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ದೇಶದ ಈ. ಕೋಲೈ ಆ ಗುಂಪಿನ ಔಷಧಿಗಳಿಗೆ ಬಹಳಷ್ಟು ಒಗ್ಗಿಹೋಗಿದೆ. ವರದಿಗೆ ಕಾಯದೆ, ಮೂತ್ರ ಕೊಟ್ಟ ದಿನವೇ ನಾನು ಶುರುಮಾಡಿದ್ದು ನೈಟ್ರೋಫ್ಯುರಾಂಟಾಯಿನ್. 1953ರಿಂದ ಬಳಕೆಯಲ್ಲಿರುವ ಹಳೆಯ ಔಷಧಿ. ರಕ್ತದಲ್ಲಿ ಹೆಚ್ಚು ನಿಲ್ಲದೆ ಮೂತ್ರದಲ್ಲಿ ಸೇರಿಕೊಳ್ಳುವುದರಿಂದ ಮೂತ್ರಕೋಶದ ಸೋಂಕಿಗೆ ಹೇಳಿಮಾಡಿಸಿದಂತಿದೆ. ಊಟದ ಜೊತೆ ಐದು ದಿನ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕೆಲವರಿಗೆ ನೀರಿನಲ್ಲಿ ಕದಡಿ ಒಂದೇ ಸಲ ಕುಡಿಯುವ 3 ಗ್ರಾಂ ಫಾಸ್ಫೋಮೈಸಿನ್ ಪುಡಿಯೇ ಸಾಕು. ಮೂತ್ರಪಿಂಡ ಸರಿಯಿಲ್ಲದವರಿಗೆ ಲೆಕ್ಕ ಬೇರೆ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ವಾರ ಬಿಟ್ಟು ಆಕೆ ನಗುತ್ತಾ ಬಂದರು. ಉರಿ ಹೋಗಿತ್ತು. ಹೊರಡುವಾಗ ಮತ್ತೆ ಅದೇ ಶೀಟನ್ನು ಹೊರತೆಗೆದು, "ಪಕ್ಕದ ಮನೆಯವಳಿಗೂ ಉರಿಮೂತ್ರವಂತೆ, ಈ ನಾಲ್ಕನ್ನು ಕೊಡಲೇ?" ಎಂದರು.

ಶೀಟನ್ನು ನಾನೇ ಇಟ್ಟುಕೊಂಡೆ. ಪಕ್ಕದ ಮನೆಯವರನ್ನು ಕರೆತರಲು ಹೇಳಿದ್ದೇನೆ. ನಮಸ್ಕಾರ.