ಇನ್ನೊಂದ್ ಸಲ ಏಳ್ರಿ

ಕೇಳುಗರೇ, ನಮಸ್ಕಾರ.

ಜೇವರ್ಗಿಯಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಅಪ್ಪನನ್ನು ಡಯಾಲಿಸಿಸ್‌ಗೆ ಕರೆತರಲು ಶುರುಮಾಡಿ 3 ವರ್ಷ ಆಯಿತು. ಪ್ರತಿ ಸಲ 4 ತಾಸು, ಕಿಡ್ನಿಯ ಬದಲು ರಕ್ತ ಶುದ್ಧ ಮಾಡುವ ಯಂತ್ರದ ಪಕ್ಕ ಮಲಗಬೇಕು. ಮನೆಗೆ ಬಂದರೆ ಮಾತಾಡಲೂ ಕಸುವು ಇರುತ್ತಿರಲಿಲ್ಲ. "ಸುಮ್ನ ಮಲಕೋರಿ, ಏಳಬ್ಯಾಡ್ರಿ" ಅನ್ನುತ್ತಿದ್ದಳು ಅವ್ವ. ನೀರಿನ ಲೋಟ ಹಾಸಿಗೆಗೇ, ಊಟದ ತಾಟೂ ಹಾಸಿಗೆಗೇ. ಚಪ್ಪಲಿ ಕೂಡ ನಾನೇ ಹಾಕುತ್ತಿದ್ದೆ. ಇದೇ ಸೇವೆ ಅಂದುಕೊಂಡಿದ್ದೆವು.

ಒಂದು ದಿನ ಬಸ್ಸಿನ ಮೊದಲ ಮೆಟ್ಟಿಲಿಗೆ ಅಪ್ಪನ ಕಾಲು ಏಳಲಿಲ್ಲ. ಕಂಬಿ ಹಿಡಿದು ಹಾಗೇ ನಿಂತುಬಿಟ್ಟರು. ಕಂಡಕ್ಟರ್ ಕೆಳಗಿಳಿದು, ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದ. ಸೀಟಿನಲ್ಲಿ ಕೂತಾಗ ನೋಡಿದೆ. ಧೋತರದೊಳಗೆ ತೊಡೆ ಅನ್ನುವುದೇ ಉಳಿದಿರಲಿಲ್ಲ.

ಕಿಡ್ನಿ ಕೆಟ್ಟವರ ಮೈಯಲ್ಲಿ ಮಾಂಸಖಂಡ ಬೇಗ ಕರಗುತ್ತದೆ. ರಕ್ತದಲ್ಲಿ ಕಲ್ಮಶ ಉಳಿಯುತ್ತದೆ, ಹಸಿವು ಸಾಯುತ್ತದೆ, ರಕ್ತವೂ ಕಡಿಮೆ. ಅದರ ಮೇಲೆ ನಾವು ಪ್ರೀತಿಯಿಂದ ಮಲಗಿಸಿಬಿಡುತ್ತೇವೆ. ಮಲಗಿದಷ್ಟೂ ಕಾಲು ಸೋಲುತ್ತದೆ.

2004ರಲ್ಲಿ ಅಮೆರಿಕದ ವೈದ್ಯರು 175 ಮಂದಿ ಡಯಾಲಿಸಿಸ್ ರೋಗಿಗಳಿಗೆ ವ್ಯಾಯಾಮ ಮಾಡಿಸಿ, ಅವರ ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಅಳೆದ ಅಧ್ಯಯನ ಪ್ರಕಟಿಸಿದರು. ಕಸುವು ಜಾಸ್ತಿ ಇದ್ದವರು ಹೆಚ್ಚು ಕಾಲ ಬದುಕಿದ್ದರು. ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಕಾಯಿಲೆ ಜಾಸ್ತಿ ಇದ್ದವರಿಗೇ ಕಸುವು ಕಡಿಮೆ ಇರುತ್ತದೆ ಅಲ್ವಾ? ಹಾಗಾಗಿ ನಡೆದರೆ ಇಷ್ಟು ವರ್ಷ ಆಯುಷ್ಯ ಹೆಚ್ಚುತ್ತದೆ ಅಂತ ಲೆಕ್ಕ ಹಾಕಲು ಬರುವುದಿಲ್ಲ. ಆದರೆ ಕಸುವು ಸ್ವಲ್ಪವಾದರೂ ಮರಳಿ ಬರಬಹುದು. ಇಟಲಿಯಲ್ಲಿ ಸುಮಾರು 300 ರೋಗಿಗಳಲ್ಲಿ ಅರ್ಧ ಜನರಿಗೆ ಮನೆಯಲ್ಲೇ ನಡೆಯಲು ಹೇಳಿದರು. ಡಯಾಲಿಸಿಸ್ ಇಲ್ಲದ ದಿನ, ಹತ್ತು ಹತ್ತು ನಿಮಿಷ, ಎರಡು ಸಲ. ಅಷ್ಟೇ. 6 ತಿಂಗಳಲ್ಲಿ ಅವರು 6 ನಿಮಿಷಕ್ಕೆ ನಡೆಯುವ ದೂರ 328 ಮೀಟರಿನಿಂದ 367 ಮೀಟರಿಗೆ ಏರಿತು. ಉಳಿದವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು.

ನಾವು ಮೊದಲು ಡಾಕ್ಟರನ್ನು ಕೇಳಿದೆವು. ನೀವೂ ಕೇಳದೆ ಶುರುಮಾಡಬೇಡಿ. ಹೃದಯ ಹೇಗಿದೆ, ಬಿಪಿ ಹೇಗಿದೆ ಅಂತ ಅವರೇ ನೋಡಿ ಹೇಳಬೇಕು. ಎದೆನೋವು, ತಲೆಸುತ್ತು, ಉಸಿರುಕಟ್ಟುವುದು, ಕಾಲು ಬಾವು ಜಾಸ್ತಿ, ಇವುಗಳಲ್ಲಿ ಯಾವುದಿದ್ದರೂ ಆ ದಿನ ಬೇಡ, ಡಾಕ್ಟರಿಗೆ ತಿಳಿಸಿ. ಅಪ್ಪನ ಎಡಗೈಯಲ್ಲಿ ಫಿಸ್ಟುಲಾ ಇದೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಎರಡು ರಕ್ತನಾಳ ಜೋಡಿಸಿ ಮಾಡಿದ ಜಾಗ. ಬೆರಳಿಟ್ಟರೆ ಒಳಗೆ ಝುಂ ಅನ್ನುತ್ತದೆ. ಆ ಕೈಗೆ ಚೀಲ ತೂಗುಹಾಕುವಂತಿಲ್ಲ, ಅದನ್ನು ಒತ್ತಿ ಮಲಗುವಂತಿಲ್ಲ.

ಇನ್ನು ನಮ್ಮ ಕಡೆಯ ಬಿಸಿಲು. ಕಲಬುರಗಿ, ಯಾದಗಿರಿಯವರಿಗೆ ನಾನೇನು ಹೇಳಲಿ! ಡಯಾಲಿಸಿಸ್‌ನವರು ನೀರು ಅಳೆದು ಕುಡಿಯಬೇಕು. ಬಿಸಿಲಲ್ಲಿ ನಡೆದರೆ ಬಾಯಾರಿಕೆ ತಡೆಯಲಾಗದು. ಅದಕ್ಕೆ ಅಪ್ಪ ಹೊತ್ತು ಏರುವ ಮುಂಚೆ ಮನೆಯಿಂದ ಬೇವಿನ ಮರದ ಕಟ್ಟೆಯವರೆಗೆ ಹೋಗಿ ಬರುತ್ತಾರೆ. ಮೊದಲ ವಾರ ಕಟ್ಟೆ ಮುಟ್ಟಲೂ ಆಗಲಿಲ್ಲ. ಪಕ್ಕದ ಮನೆ ಗೋಡೆ ಹಿಡಿದು ತಿರುಗಿ ಬಂದರು.

ಸಂಜೆ ಕುರ್ಚಿಯ ಕೆಲಸ. ಕೈ ಊರದೆ ಏಳುವುದು, ಕೂರುವುದು. ಮೊದಲ ದಿನ ನಾಲ್ಕಕ್ಕೇ ತೊಡೆ ಗಡಗಡ ನಡುಗಿತು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಆದರೆ ಎತ್ತುವುದಿಲ್ಲ. ಎತ್ತದೆ ನಿಲ್ಲುವುದು ನನಗೇ ಕಷ್ಟವಾಗುತ್ತಿತ್ತು.

ಅವ್ವ ಒಳಗೆ ರೊಟ್ಟಿ ಬಡಿಯುತ್ತಾ ಜೋರಾಗಿ ಎಣಿಸುತ್ತಾಳೆ. ನಿನ್ನೆ ಹನ್ನೊಂದಕ್ಕೆ ಅಪ್ಪ ಕೂತುಬಿಟ್ಟರು. ರೊಟ್ಟಿ ಸದ್ದು ನಿಂತಿತು.

"ಇನ್ನೊಂದ್ ಸಲ ಏಳ್ರಿ" ಅಂದಳು ಅವ್ವ.