ಎಂಬಾಲೆಯ ಹಳ್ಳಿಶಾಲೆಗೆ ಹೊರಡುವ ಮೊದಲು

ಅಧ್ಯಾಪಕ ಮಿತ್ರರೇ,

ಪೂರ್ವ ಉಗಾಂಡಾದ ಎಲ್ಗಾನ್ ಪರ್ವತದ ತಪ್ಪಲಲ್ಲಿ ಎಂಬಾಲೆ ಎಂಬ ಊರಿದೆ. ಸುತ್ತಮುತ್ತ ಕಾಫಿ, ಬಾಳೆ ಬೆಳೆಯುವ ಹಳ್ಳಿಗಳು. ವೇಲ್ಸ್‌ನ ಪಾಂಟಿಪ್ರಿಡ್ ಊರಿನವರು ಈ ಸೀಮೆಯೊಂದಿಗೆ ಬಹುಕಾಲದಿಂದ ನಂಟು ಉಳಿಸಿಕೊಂಡಿದ್ದಾರೆ. ಇಂಥ ಕಡೆಗೆ ಶಾಲಾ ವಿನಿಮಯದಲ್ಲಿ ಹೊರನಾಡಿನ ವಿದ್ಯಾರ್ಥಿಗಳು ಹೋದಾಗ ಅವರಿಂದ ಶಾಲೆಗೆ ಉಪಯೋಗವೋ ಹೊರೆಯೋ ಎಂಬುದು ವಿಮಾನ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ.

ದಿನಾಂಕದಿಂದ ಶುರುಮಾಡೋಣ. ಅಲ್ಲಿನ ಶಾಲಾವರ್ಷ ಫೆಬ್ರವರಿ ಹೊತ್ತಿಗೆ ಶುರುವಾಗಿ ಡಿಸೆಂಬರ್ ಮೊದಲಲ್ಲಿ ಮುಗಿಯುತ್ತದೆ. ಮೂರು ಟರ್ಮ್‌ಗಳು, ಎರಡನೆಯದು ಮೇ ಕೊನೆಯಿಂದ ಆಗಸ್ಟ್‌ವರೆಗೆ. ಯುರೋಪಿನ ತಂಡಗಳು ತಮ್ಮ ಬೇಸಿಗೆ ರಜೆ ನೋಡಿಕೊಂಡು ಆಗಸ್ಟ್‌ನಲ್ಲಿ ಬಂದಿಳಿಯುತ್ತವೆ. ಆಗ ಅಲ್ಲಿ ಟರ್ಮ್ ಪರೀಕ್ಷೆ, ಇಲ್ಲವೇ ಬಾಗಿಲು ಹಾಕಿದ ಶಾಲೆ. ಅಕ್ಟೋಬರ್ ಇನ್ನೂ ಬೇಡ: ನವೆಂಬರ್ ಮೊದಲಲ್ಲೇ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಇರುತ್ತದೆ. ಜುಲೈನ ಮೊದಲ ಮೂರು ವಾರಗಳೇ ಒಳ್ಳೆಯವು. ಸ್ವಾಗತದ ಹಾಡು-ಕುಣಿತವನ್ನು ಪಾಠ ಮುಗಿದ ಮೇಲೆ ಇಟ್ಟುಕೊಳ್ಳಿ ಎಂದು ನಾವೇ ಮುಖ್ಯೋಪಾಧ್ಯಾಯರಿಗೆ ಬರೆಯಬೇಕು. ಅವರಾಗಿ ಕೇಳುವುದಿಲ್ಲ, ಅತಿಥಿಗಳಿಗಾಗಿ ಅರ್ಧ ದಿನದ ಪಾಠ ಬಿಟ್ಟುಬಿಡುತ್ತಾರೆ.

ಒಂದರಿಂದ ಮೂರನೇ ತರಗತಿವರೆಗೆ ಅಲ್ಲಿ ಪಾಠ ಸ್ಥಳೀಯ ಭಾಷೆಯಲ್ಲಿ. ನಾಲ್ಕರಲ್ಲಿ ಇಂಗ್ಲಿಷಿಗೆ ಹೊರಳುತ್ತಾರೆ. ಹಾಗಾಗಿ ನಮ್ಮ ಮಕ್ಕಳನ್ನು ಐದು, ಆರನೇ ತರಗತಿಗಳಲ್ಲಿ ಕೂರಿಸಬೇಕು, ಒಂದು ಕೋಣೆಗೆ ಇಬ್ಬರಂತೆ. ಹತ್ತು ಜನ ಒಟ್ಟಿಗೆ ನುಗ್ಗಿದರೆ ಪಾಠ ನಿಂತೇಹೋಗುತ್ತದೆ.

ಇನ್ನು ನೀರು. ಉಗಾಂಡಾದ ಹಳ್ಳಿಗಳಲ್ಲಿ ಕಾಣುವ ‘ಯು2’ ಕೈಪಂಪು ನಮ್ಮ ‘ಇಂಡಿಯಾ ಮಾರ್ಕ್ 2’ ಬೋರಿಂಗಿನದೇ ರೂಪ. ನೀರು ತರುವುದು 20 ಲೀಟರಿನ ಹಳದಿ ಕ್ಯಾನಿನಲ್ಲಿ. ತುಂಬಿದರೆ 20 ಕಿಲೋ ಭಾರ. ಅತಿಥಿಯೊಬ್ಬರು ದಿನಕ್ಕೆ ಒಂದು ಕ್ಯಾನ್ ಬಳಸಿದರೂ ಹತ್ತು ಜನಕ್ಕೆ ಹತ್ತು ಕ್ಯಾನ್. ಹೊರುವವರು ಯಾರು? ಹೆಚ್ಚಾಗಿ ಅತಿಥಿಗಳನ್ನು ಉಳಿಸಿಕೊಂಡ ಮನೆಯ ಹೆಣ್ಣುಮಕ್ಕಳು, ಬೆಳಗ್ಗೆ ಶಾಲೆಗೆ ಹೊರಡುವ ಮೊದಲು. ಈ ಲೆಕ್ಕ ಎಷ್ಟೋ ಯೋಜನಾ ಪತ್ರಗಳಲ್ಲಿ ಇರುವುದೇ ಇಲ್ಲ. ಅತಿಥಿಗಳು ತಮ್ಮ ನೀರನ್ನು ತಾವೇ ಹೊರಬೇಕು, ಸರದಿಯಲ್ಲಿ ನಿಂತೇ.

ಉಳಿಸಿಕೊಳ್ಳುವ ಮನೆಗೆ ಊಟದ ಖರ್ಚು ಮುಂಗಡವಾಗಿ, ಶಾಲೆಯ ಮೂಲಕ, ರಸೀದಿಯೊಂದಿಗೆ ಹೋಗಬೇಕು. ಇಲ್ಲದಿದ್ದರೆ ದಿನವೂ ಪೋಶೋ ಮತ್ತು ಹುರುಳಿಕಾಯಿಯ ಕಾಳು ಉಣ್ಣುವ ಮನೆಯವರು ಅತಿಥಿಗಾಗಿ ಸಾಲ ಮಾಡಿ ಕೋಳಿ ಕೊಯ್ಯುತ್ತಾರೆ. ಪೋಶೋ ಎಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ನಮ್ಮವರಿಗೆ ಕಷ್ಟವಾಗದು. ಪೆನ್ನು, ಚಾಕಲೇಟುಗಳನ್ನು ದಾರಿಯಲ್ಲಿ ಹಂಚುವುದು ಬೇಡ. ಗೋಡೆ ಕಟ್ಟುವ ಕೆಲಸವೂ ಬೇಡ: ಇಟ್ಟಿಗೆ ಹಿಡಿದು ಗೊತ್ತಿಲ್ಲದ ಹುಡುಗರು ಕಟ್ಟಿದ್ದನ್ನು ಊರಿನ ಗಾರೆಯವರು ಕೆಡವಿ ಮತ್ತೆ ಕಟ್ಟಬೇಕಾಗುತ್ತದೆ. ಆ ಕೆಲಸಕ್ಕೆಂದು ಇಟ್ಟ ದುಡ್ಡು ನೇರವಾಗಿ ಗಾರೆಯವರ ಕೂಲಿಗೇ ಹೋಗಲಿ.

ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರವನ್ನು ಭಾರತಕ್ಕೆ ಮರಳುವಾಗಲೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಮಲೇರಿಯಾ ತಡೆಯುವ ಮಾತ್ರೆಯಲ್ಲಿ ಎಡವುವವರು ಬಹಳ. ಅಟೋವಕ್ವೋನ್-ಪ್ರೊಗ್ವಾನಿಲ್ ಆದರೆ ಅಲ್ಲಿಂದ ಹೊರಟ ಮೇಲೂ 7 ದಿನ, ಡಾಕ್ಸಿಸೈಕ್ಲಿನ್ ಆದರೆ 4 ವಾರ ನುಂಗಬೇಕು. ಏಕೆಂದರೆ ಕೊನೆಯ ದಿನ ಕಚ್ಚಿದ ಸೊಳ್ಳೆಯಿಂದ ಬಂದ ರೋಗಾಣು ಮೊದಲು ಯಕೃತ್ತಿನಲ್ಲಿದ್ದು ಆಮೇಲೆ ರಕ್ತಕ್ಕಿಳಿಯುತ್ತದೆ. ಯಾರಿಗೆ ಯಾವ ಮಾತ್ರೆ ಎಂಬುದನ್ನು ವೈದ್ಯರೇ ಹೇಳಲಿ.

ವಿನಿಮಯ ಎಂದಮೇಲೆ ಅಲ್ಲಿನ ಮಕ್ಕಳೂ ಬರಬೇಕು. ತುಂಬಾ ತಂಡಗಳು ಹೋಗುತ್ತವೆ, ಬರುವ ಭಾಗ ಕಾಗದದಲ್ಲೇ ಉಳಿಯುತ್ತದೆ. ಜನನ ಪ್ರಮಾಣಪತ್ರವೇ ಇಲ್ಲದ ಹಳ್ಳಿಮಗುವಿಗೆ ಪಾಸ್‌ಪೋರ್ಟ್ ಮಾಡಿಸಲು ತಿಂಗಳುಗಳೇ ಹಿಡಿಯುತ್ತವೆ. ಬ್ರಿಟನ್ನಿನಂಥ ದೇಶದ ವೀಸಾಕ್ಕೆ ಪೋಷಕರ ಒಪ್ಪಿಗೆ ಪತ್ರ ಬೇಕು, ಮಗುವನ್ನು ನೋಡಿಕೊಳ್ಳುವವರ ವಿವರ ಬೇಕು, ಖರ್ಚು ಯಾರದೆಂಬ ಪುರಾವೆ ಬೇಕು. ರೈತ ಕುಟುಂಬದ ಬ್ಯಾಂಕ್ ಖಾತೆ ಖಾಲಿ ಇರುವುದರಿಂದ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಆದ್ದರಿಂದ ಅವರ ಬರುವಿಕೆಯನ್ನೇ ಮೊದಲು ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟಿನ ಕೆಲಸ ಒಂದು ವರ್ಷ ಮುಂಚೆ ಶುರುವಾಗಲಿ. ಕರೆಯುವ ಶಾಲೆ ಪೂರ್ತಿ ಖರ್ಚು ಹೊರುವುದಾಗಿ ಬರೆದು, ತನ್ನ ಖಾತೆಯ ದಾಖಲೆಯನ್ನೂ ಲಗತ್ತಿಸಬೇಕು. ವೀಸಾ ತಿರಸ್ಕಾರವಾದರೆ ಶುಲ್ಕ ವಾಪಸ್ ಬರುವುದಿಲ್ಲ; ಎರಡನೇ ಸಲದ ಅರ್ಜಿಗೂ ಬಜೆಟ್ಟಿನಲ್ಲಿ ಹಣ ತೆಗೆದಿಡಿ.